ಕಡಲಿಗೆ ಇಳಿದವರಿಗೆ ಬರೇ ಚಪ್ಪಾಳೆ ಸಾಕೇ?

ಇಂಗ್ಲೆಂಡಿನ ನೈರುತ್ಯ ತುದಿಯಲ್ಲಿ ಕಾರ್ನ್‌ವಾಲ್ ಎಂಬ ಜಿಲ್ಲೆ ಇದೆ. ಅಲ್ಲಿ ಮೌಝಲ್ ಎಂಬ ಸಣ್ಣ ಮೀನುಗಾರರ ಊರು. ಡಿಸೆಂಬರ್ ತಿಂಗಳಲ್ಲಿ ಅಲ್ಲಿನ ಬಂದರಿನ ಸುತ್ತ ಹಬ್ಬದ ದೀಪಾಲಂಕಾರ ಮಾಡುತ್ತಾರೆ. ಅದನ್ನು ನೋಡಲಿಕ್ಕೆಂದೇ ದೂರದ ಊರುಗಳಿಂದ ಜನ ಬರುತ್ತಾರೆ. ಆದರೆ ಪ್ರತಿ ವರ್ಷ ಡಿಸೆಂಬರ್ 19ರ ರಾತ್ರಿ 8ರಿಂದ 9 ಗಂಟೆಯವರೆಗೆ ಆ ದೀಪಗಳನ್ನು ಆರಿಸುತ್ತಾರೆ. 1981ರಲ್ಲಿ ಅದೇ ರಾತ್ರಿ, ಅದೇ ಹೊತ್ತಿಗೆ, ಅಲ್ಲಿಯ ಎಂಟು ಮಂದಿ ಬೇರೆ ಎಂಟು ಮಂದಿಯನ್ನು ಉಳಿಸಲೆಂದು ಕಡಲಿಗೆ ಇಳಿದರು. ವಾಪಸು ಬರಲಿಲ್ಲ.

ಕಡಲಿನ ಮಕ್ಕಳಾದ ನಮಗೆ ಈ ಕಥೆ ಅರ್ಥವಾಗಲು ಹೆಚ್ಚು ವಿವರಣೆ ಬೇಕಾಗಿಲ್ಲ. ಆದರೂ ಆ ರಾತ್ರಿ ಏನಾಯಿತು ಎಂದು ಸ್ವಲ್ಪ ಹೇಳಬೇಕು. ಯಾಕೆಂದರೆ ನಾವು ಕೇಳಿಕೊಳ್ಳಬೇಕಾದ ಕೆಲವು ಪ್ರಶ್ನೆಗಳು ಅದರೊಳಗೇ ಇವೆ.

'ಯೂನಿಯನ್ ಸ್ಟಾರ್' ಎಂಬ ಹೊಸ ಸರಕು ಹಡಗು ತನ್ನ ಮೊದಲ ಯಾನದಲ್ಲೇ ಇತ್ತು. ನೆದರ್ಲೆಂಡ್ಸ್‌ನಿಂದ ಗೊಬ್ಬರ ಹೇರಿಕೊಂಡು ಐರ್ಲೆಂಡಿಗೆ ಹೊರಟಿತ್ತು. ಹಡಗಿನಲ್ಲಿ ಕ್ಯಾಪ್ಟನ್ ಮತ್ತು ನಾಲ್ವರು ಸಿಬ್ಬಂದಿ, ಜೊತೆಗೆ ಕ್ಯಾಪ್ಟನ್‌ನ ಹೆಂಡತಿ, ಆಕೆಯ ಇಬ್ಬರು ಹೆಣ್ಮಕ್ಕಳು. ದಾರಿಯಲ್ಲಿ ಇಂಧನಕ್ಕೆ ಕಡಲ ನೀರು ಸೇರಿ ಎಂಜಿನ್ ನಿಂತುಹೋಯಿತು. ಹತ್ತಿರದಲ್ಲಿದ್ದ ಡಚ್ ಟಗ್ಗೊಂದು ಎಳೆದುಕೊಂಡು ಹೋಗಲು ಮುಂದೆ ಬಂತು. ಹಡಗು ಉಳಿಸಿಕೊಟ್ಟರೆ ಟಗ್ಗಿನವರಿಗೆ ಸಲ್ಲಬೇಕಾದ ಹಣದ ಲೆಕ್ಕ ಸಣ್ಣದಲ್ಲ. ಕ್ಯಾಪ್ಟನ್ ಮೊದಲು ಬೇಡವೆಂದರು, ಮಾಲಕರ ಜೊತೆ ಮಾತಾಡಿದ ಮೇಲೆ ಒಪ್ಪಿದರು. ಅಷ್ಟರಲ್ಲಿ ಗಾಳಿ ಚಂಡಮಾರುತದ ವೇಗಕ್ಕೆ ಏರಿ, ಅಲೆಗಳು 18 ಮೀಟರ್‌ವರೆಗೆ ಏಳುತ್ತಿದ್ದವು. ಹಡಗು ಬಂಡೆಗಳ ಕಡೆಗೆ ಬರತೊಡಗಿತು. ನೌಕಾಪಡೆಯ ಹೆಲಿಕಾಪ್ಟರ್ ಬಂತು, ಆದರೆ ಹಡಗಿನ ಕಂಬ ಆ ಕಡೆ ಈ ಕಡೆ ಬೀಸುತ್ತಿದ್ದುದರಿಂದ ಹಗ್ಗ ಇಳಿಸಲು ಆಗಲಿಲ್ಲ.

ಆಗ ಪೆನ್ಲೀ ಠಾಣೆಯ ಲೈಫ್‌ಬೋಟ್ 'ಸಾಲೊಮನ್ ಬ್ರೌನ್' ನೀರಿಗೆ ಇಳಿಯಿತು. ಸಮಯ ರಾತ್ರಿ 8 ಗಂಟೆ 12 ನಿಮಿಷ. ಅದು 47 ಅಡಿ ಉದ್ದದ ಮರದ ಬೋಟು. ಅಲೆಗಳ ನಡುವೆ ಮತ್ತೆ ಮತ್ತೆ ಹಡಗಿನ ಪಕ್ಕಕ್ಕೆ ಹೋಗಿ ನಾಲ್ವರನ್ನು ತನ್ನೊಳಗೆ ಎಳೆದುಕೊಂಡಿತು. ನಾಲ್ವರು ಸಿಕ್ಕಿದರು ಎಂದು ರೇಡಿಯೋದಲ್ಲಿ ಹೇಳಿದರು. ಅಲ್ಲಿಗೆ ಮಾತು ನಿಂತಿತು. ಉಳಿದವರಿಗಾಗಿ ಇನ್ನೊಮ್ಮೆ ಹತ್ತಿರ ಹೋದದ್ದೇ ಕೊನೆ. ಎರಡೂ ಕಡೆ ಸೇರಿ 16 ಜೀವ, ಒಬ್ಬರೂ ಉಳಿಯಲಿಲ್ಲ.

ಬೋಟಿನಲ್ಲಿ ಇದ್ದವರು ಯಾರು? ಸೈನಿಕರಲ್ಲ, ಸರಕಾರಿ ನೌಕರರಲ್ಲ. ಕಾಕ್ಸ್‌ವೇನ್, ಅಂದರೆ ನಮ್ಮ ಭಾಷೆಯಲ್ಲಿ ತಾಂಡೇಲ, ಟ್ರೆವೆಲ್ಯಾನ್ ರಿಚರ್ಡ್ಸ್‌ಗೆ 56 ವರ್ಷ, ಮೀನು ಹಿಡಿಯುವ ಬೋಟಿನವರು. ಉಳಿದವರಲ್ಲಿ ಮೀನುಗಾರರಿದ್ದರು, ಟೆಲಿಫೋನ್ ಕೆಲಸದವರಿದ್ದರು, ಊರಿನ ಹೋಟೆಲು ನಡೆಸುವವರೂ ಇದ್ದರು. ಕೆಲವರು ಇಪ್ಪತ್ತರ ಹರೆಯದ ಹುಡುಗರು. ಎಲ್ಲರೂ ಸ್ವಯಂಸೇವಕರು. ಕರೆ ಬಂದಾಗ ಊಟ ಬಿಟ್ಟು, ಅಂಗಡಿ ಬಿಟ್ಟು ಓಡಿ ಬಂದವರು.

ಇಷ್ಟು ಕೇಳಿದ ಕೂಡಲೇ ನಾವು 'ಎಂಥ ಧೈರ್ಯ ಮಾರಾಯ್ರೆ' ಅನ್ನುತ್ತೇವೆ. ಅನ್ನಬೇಕಾದದ್ದೇ. ಆದರೆ ಅಲ್ಲಿಗೇ ನಿಲ್ಲಿಸುವುದು ತಪ್ಪು ಎಂಬುದು ನನ್ನ ಅಭಿಪ್ರಾಯ. ಧೈರ್ಯ ನಮ್ಮ ಕರಾವಳಿಯಲ್ಲೂ ಬೇಕಾದಷ್ಟಿದೆ. ಆ ಊರಲ್ಲಿ ಇದ್ದು ನಮ್ಮಲ್ಲಿ ಇಲ್ಲದ್ದು, ಆ ಧೈರ್ಯದ ಬೆನ್ನ ಹಿಂದೆ ನಿಂತ ವ್ಯವಸ್ಥೆ.

ಆ ವ್ಯವಸ್ಥೆಗೆ ಈಗ 200 ವರ್ಷ ದಾಟಿದೆ. ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ನೆಲೆಸಿದ್ದ ಸರ್ ವಿಲಿಯಂ ಹಿಲರಿ ತನ್ನ ಕಣ್ಣೆದುರೇ ಹಡಗುಗಳು ಒಡೆಯುವುದನ್ನು ಕಂಡವರು. 1823ರಲ್ಲಿ ಅವರು ದೇಶಕ್ಕೆ ಒಂದು ಮನವಿ ಬರೆದರು. ಮರು ವರ್ಷ, 1824ರ ಮಾರ್ಚ್ 4ರಂದು, ಲಂಡನಿನಲ್ಲಿ ಸಂಸ್ಥೆ ಹುಟ್ಟಿತು. 1854ರಿಂದ ಅದರ ಹೆಸರು ರಾಯಲ್ ನ್ಯಾಷನಲ್ ಲೈಫ್‌ಬೋಟ್ ಇನ್‌ಸ್ಟಿಟ್ಯೂಷನ್. ಬ್ರಿಟನ್ ಮತ್ತು ಐರ್ಲೆಂಡಿನ ತೀರದಲ್ಲಿ ಈಗ ಅದಕ್ಕೆ 230ಕ್ಕೂ ಹೆಚ್ಚು ಠಾಣೆಗಳಿವೆ. ಇಲ್ಲಿಯವರೆಗೆ ಉಳಿಸಿದ ಜೀವಗಳು 1 ಲಕ್ಷದ 40 ಸಾವಿರಕ್ಕೂ ಮಿಕ್ಕಿ. ನಡುವೆ ಕೆಲವು ವರ್ಷ ಸರಕಾರದ ಹಣ ಪಡೆದದ್ದುಂಟು, ಮತ್ತೆ ಅದನ್ನು ಬಿಟ್ಟುಕೊಟ್ಟರು. ಇಂದಿಗೂ ಬಹುಪಾಲು ನಡೆಯುವುದು ಜನರ ದೇಣಿಗೆಯಿಂದ.

ದೇಣಿಗೆ ಎಲ್ಲಿಂದ ಬಂತು ಎಂಬುದಕ್ಕೂ ಒಂದು ಇತಿಹಾಸ ಇದೆ. 1886ರ ಡಿಸೆಂಬರಿನಲ್ಲಿ 'ಮೆಕ್ಸಿಕೊ' ಎಂಬ ಜರ್ಮನ್ ಹಡಗಿನವರನ್ನು ಉಳಿಸಲು ಹೋಗಿ ಎರಡು ಲೈಫ್‌ಬೋಟುಗಳ 27 ಮಂದಿ ಸತ್ತರು. ಮೂರನೆಯ ಬೋಟು ಹೋಗಿ ಹಡಗಿನ 12 ಮಂದಿಯನ್ನು ದಡ ಸೇರಿಸಿತು. ಸತ್ತವರ ಮನೆಯವರ ಕಷ್ಟ ಕಂಡ ಚಾರ್ಲ್ಸ್ ಮೆಕಾರಾ ಎಂಬ ಹತ್ತಿ ಉದ್ಯಮಿಗೆ, ಶ್ರೀಮಂತರ ಕಿಸೆಯನ್ನು ಮಾತ್ರ ನಂಬಿದರೆ ಸಾಲದು ಎನಿಸಿತು. 1891ರಲ್ಲಿ ಮ್ಯಾಂಚೆಸ್ಟರ್ ಬೀದಿಯಲ್ಲಿ ಮೆರವಣಿಗೆ ಮಾಡಿ, ಡಬ್ಬಿ ಹಿಡಿದು ಸಾಮಾನ್ಯರಿಂದ ಚಿಲ್ಲರೆ ಕಾಸು ಎತ್ತಿದರು. ಮ್ಯಾಂಚೆಸ್ಟರ್ ಕಡಲ ತೀರದ ಊರಲ್ಲ ಎಂಬುದನ್ನು ಗಮನಿಸಿ. ಕಡಲು ಕಾಣದ ಮಿಲ್ ಕಾರ್ಮಿಕರು ಕಡಲಿನವರ ಬೋಟಿಗೆ ಹಣ ಕೊಟ್ಟರು.

ಪೆನ್ಲೀ ಠಾಣೆಯ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಒಂದು ಸಣ್ಣ ವಿಷಯ. ಆ ರಾತ್ರಿ ಬೋಟು ಹತ್ತಲು ಬಂದವರು ಎಂಟಕ್ಕಿಂತ ಹೆಚ್ಚಿದ್ದರು. ನೈಜೆಲ್ ಬ್ರಾಕ್‌ಮನ್ ಎಂಬವರ ಜೊತೆ ಅವರ ಹದಿಹರೆಯದ ಮಗ ನೀಲ್ ಕೂಡ ಓಡಿ ಬಂದಿದ್ದ. ತಾಂಡೇಲ ರಿಚರ್ಡ್ಸ್ ಆತನನ್ನು ಹತ್ತಲು ಬಿಡಲಿಲ್ಲ. ಇಂಥ ರಾತ್ರಿ ಒಂದೇ ಮನೆಯಿಂದ ಇಬ್ಬರು ಬೇಡ ಎಂಬುದು ಅವರ ನಿಲುವು. ಅಪ್ಪ ಹೋದರು, ಮಗ ದಡದಲ್ಲಿ ಉಳಿದ. ಅಲೆ ಹೇಗಿದೆ, ಏನಾಗಬಹುದು ಎಂದು ಆ ಮನುಷ್ಯನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಲೆಕ್ಕ ಹಾಕಿದರು, ಲೆಕ್ಕ ಹಾಕಿಯೇ ಹೋದರು. ಇದು ಹುಚ್ಚು ಸಾಹಸ ಅಲ್ಲ. ಮುಂದೆ ಅದೇ ನೀಲ್ ಅದೇ ಠಾಣೆಯ ಕಾಕ್ಸ್‌ವೇನ್ ಆದರು.

ದುರಂತದ ಮರುದಿನವೇ, ಹೊಸ ತಂಡ ಕಟ್ಟಲು ಬೇಕಾದಷ್ಟು ಮಂದಿ ಅದೇ ಊರಿನಿಂದ ಹೆಸರು ಕೊಟ್ಟರು. 1983ರಲ್ಲಿ ಪಕ್ಕದ ನ್ಯೂಲಿನ್ ಬಂದರಿಗೆ ಹೊಸ ದೊಡ್ಡ ಬೋಟು ಬಂತು. 1913ರಲ್ಲಿ ಕಟ್ಟಿದ ಹಳೆಯ ಬೋಟ್ ಮನೆಯನ್ನು ಹಾಗೆಯೇ ಉಳಿಸಿಕೊಂಡು, ಪಕ್ಕದಲ್ಲಿ ಎಂಟು ಮಂದಿಯ ನೆನಪಿಗೆ ಒಂದು ತೋಟ ಮಾಡಿದ್ದಾರೆ. ಸತ್ತವರ ಮನೆಯವರಿಗೆಂದು ಜನ ಕೊಟ್ಟ ಹಣ 30 ಲಕ್ಷ ಪೌಂಡ್ ದಾಟಿತು. ಅದಕ್ಕೆ ತೆರಿಗೆಯ ಮಾತು ಬಂದಾಗ ಇಡೀ ದೇಶ ಸಿಟ್ಟಾಯಿತು, ಸರಕಾರ ಹಿಂದೆ ಸರಿಯಬೇಕಾಯಿತು.

ಇನ್ನೊಂದು ಮಾತು. ಹಿಲರಿ ತನ್ನ ಮೊದಲ ಮನವಿಯಲ್ಲೇ, ಯಾವ ದೇಶದವರಾದರೂ ಸರಿ, ಶಾಂತಿಯಲ್ಲಾಗಲಿ ಯುದ್ಧದಲ್ಲಾಗಲಿ, ಮುಳುಗುವವರನ್ನು ಉಳಿಸಬೇಕು ಎಂಬ ಆಶಯ ಇಟ್ಟಿದ್ದರು. ಅದು ಬರೇ ಕಾಗದದ ಮಾತೋ ಅಲ್ಲವೋ ಎಂಬ ಪರೀಕ್ಷೆ 2021ರಲ್ಲಿ ಬಂತು. ಸಣ್ಣ ರಬ್ಬರ್ ದೋಣಿಗಳಲ್ಲಿ ಇಂಗ್ಲಿಷ್ ಕಾಲುವೆ ದಾಟುತ್ತಿದ್ದ ವಲಸಿಗರನ್ನು ಲೈಫ್‌ಬೋಟಿನವರು ಉಳಿಸಿದ್ದಕ್ಕೆ ಕೆಲವು ರಾಜಕಾರಣಿಗಳು ಗೇಲಿ ಮಾಡಿದರು, ಸ್ವಯಂಸೇವಕರಿಗೆ ಬೈಗುಳ ಬಿತ್ತು. ಸಂಸ್ಥೆ ಬಗ್ಗಲಿಲ್ಲ. ಅಪಾಯದಲ್ಲಿ ಇರುವವರನ್ನು ಉಳಿಸುವುದು ನಮ್ಮ ಕೆಲಸ, ಅವರು ಯಾರೆಂದು ವಿಚಾರಿಸುವುದಲ್ಲ ಎಂಬ ನಿಲುವಿಗೆ ಅಂಟಿಕೊಂಡಿತು. ಜನ ಏನು ಮಾಡಿದರು? ಒಂದೇ ದಿನದಲ್ಲಿ 2 ಲಕ್ಷ ಪೌಂಡಿಗೂ ಮಿಕ್ಕಿ ದೇಣಿಗೆ ಕಳುಹಿಸಿದರು.

ಈಗ ನಮ್ಮ ದಕ್ಕೆಗೆ ಬರೋಣ.

2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಏಳು ಮೀನುಗಾರರ ಸಮೇತ ಕಾಣೆಯಾಯಿತು. ಅದರ ಅವಶೇಷ ಸಿಕ್ಕಿದ್ದು ತಿಂಗಳುಗಳ ಬಳಿಕ, ಮಹಾರಾಷ್ಟ್ರದ ಮಾಲ್ವಣದ ಆಚೆ ಕಡಲಡಿಯಲ್ಲಿ. 2020ರ ನವೆಂಬರ್ ಕೊನೆಗೆ ಮಂಗಳೂರಿನ ಬಳಿ ಪರ್ಸಿನ್ ಬೋಟು ಮಗುಚಿ ಆರು ಮಂದಿ ಹೋದರು. ಬೆಂಗರೆ, ಬೋಳಾರ, ಉಳ್ಳಾಲದಲ್ಲಿ ಆ ದಿನಗಳನ್ನು ಯಾರೂ ಮರೆತಿಲ್ಲ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಮುಲ್ಕಿ ಕಡೆಯ ಬಂಡೆಗಳಿಗೆ ಸಿಕ್ಕಿಬಿದ್ದ ಟಗ್ಗಿನ ಒಂಬತ್ತು ಮಂದಿಯನ್ನು ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆಯವರು ಉಳಿಸಿದರು. ಅವರ ಕೆಲಸವನ್ನು ಹೊಗಳಲೇಬೇಕು. ಆಳ ಕಡಲಿನ ಕಾರ್ಯಾಚರಣೆಗೆ ಅವರೇ ಬೇಕು.

ಆದರೆ ಅಳಿವೆ ಬಾಗಿಲಲ್ಲಿ ನಾಡದೋಣಿ ಮಗುಚಿದರೆ, ಸೋಮೇಶ್ವರದಲ್ಲೋ ಪಣಂಬೂರಿನಲ್ಲೋ ಪ್ರವಾಸಕ್ಕೆ ಬಂದ ಮಕ್ಕಳನ್ನು ಅಲೆ ಎಳೆದರೆ, ಅಲ್ಲಿ ಸಿಗುವುದು ಕೆಲವೇ ನಿಮಿಷ. ಆ ನಿಮಿಷಗಳಲ್ಲಿ ನೀರಿಗೆ ಹಾರುವವರು ಯಾರು? ಪಕ್ಕದ ಬೋಟಿನ ಕಲಾಸಿಗಳು, ದಡದಲ್ಲಿ ಬಲೆ ಸರಿಮಾಡುತ್ತಿದ್ದವರು, ಊರಿನ ಈಜು ಬಲ್ಲ ಹುಡುಗರು. ನೆರೆ ಬಂದಾಗಲೂ, ಹೊಳೆಯಲ್ಲಿ ಯಾರಾದರೂ ಬಿದ್ದಾಗಲೂ ಫೋನು ಹೋಗುವುದು ಅವರಿಗೇ. ಹೆಣ ಎತ್ತುವುದೂ ಅವರೇ. ಯಾರ ಹೆಣ, ಯಾವ ಜಾತಿ ಎಂದು ಅವರು ಕೇಳಿದ್ದಿಲ್ಲ. ಮರುದಿನ ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಡುತ್ತೇವೆ. ಅಲ್ಲಿಗೆ ನಮ್ಮ ಲೆಕ್ಕ ಮುಗಿಯಿತು!

ಆ ಹುಡುಗರಿಗೆ ಲೈಫ್ ಜಾಕೆಟ್ ಇದೆಯಾ? ಅವರಿಗೆ ವಿಮೆ ಇದೆಯಾ? ನಾಳೆ ಅವರಲ್ಲಿ ಒಬ್ಬ ವಾಪಸು ಬರದಿದ್ದರೆ ಅವನ ಉಮ್ಮನಿಗೆ ತಿಂಗಳು ತಿಂಗಳು ಹಣ ಕೊಡುವವರು ಯಾರು? ಶಾಲು ಹೊದಿಸುವ ವೇದಿಕೆಯಲ್ಲಿ ಈ ಪ್ರಶ್ನೆ ಕೇಳಿದರೆ ಸಭೆ ಮುಜುಗರಪಡುತ್ತದೆ. ಕೇಳಲೇಬೇಕು.

'ಇದೆಲ್ಲ ಸರಕಾರ ಮಾಡಬೇಕಾದ ಕೆಲಸ ಅಲ್ವಾ?' ಎಂದು ಕೆಲವರು ಹೇಳಬಹುದು. ಹೌದು, ಸರಕಾರದ ಹೊಣೆ ಇದೆ, ಅದನ್ನು ಬಿಟ್ಟುಕೊಡಬೇಕಾಗಿಲ್ಲ. ಬ್ರಿಟನ್ನಿನಲ್ಲೂ ಕೋಸ್ಟ್ ಗಾರ್ಡ್ ಇದೆ, ಹೆಲಿಕಾಪ್ಟರ್ ಇದೆ. ಅದರ ಜೊತೆಗೇ ಊರಿನ ಬೋಟೂ ಇದೆ. ಅಲ್ಲಿನ ಹಾಗೆ ದೊಡ್ಡ ಸಂಸ್ಥೆ ಕಟ್ಟಲು ನಮ್ಮಿಂದ ನಾಳೆಯೇ ಆಗದು. ಆದರೆ ಒಂದೊಂದು ಬಂದರಿನಲ್ಲಿ, ಒಂದೊಂದು ಅಳಿವೆಯಲ್ಲಿ, ಇಂಧನ ತುಂಬಿಸಿ ಸಿದ್ಧವಾಗಿಟ್ಟ ಒಂದು ಸಣ್ಣ ಬೋಟು, ಹತ್ತು ಹದಿನೈದು ಮಂದಿಯ ತರಬೇತಾದ ತಂಡ, ಅವರಿಗೆ ಜಾಕೆಟ್, ವೈರ್‌ಲೆಸ್, ವಿಮೆ, ತಿಂಗಳಿಗೊಮ್ಮೆ ಅಭ್ಯಾಸ - ಇಷ್ಟು ಆಗದ ಕೆಲಸವೇನಲ್ಲ. ಬೋಟು ಮಾಲಕರ ಸಂಘ, ನಾಡದೋಣಿಯವರು, ಮೊಗವೀರರು, ಬ್ಯಾರಿಗಳು, ಕ್ರೈಸ್ತರು ಒಂದೇ ಮೇಜಿನ ಸುತ್ತ ಕೂರಬೇಕು ಅಷ್ಟೇ. ಮೀನಿನ ದರದ ಬಗ್ಗೆ, ಡೀಸೆಲ್ ಬಗ್ಗೆ ಒಟ್ಟಿಗೆ ಕೂರುತ್ತೇವಲ್ಲ?

ಹಣದ ಮಾತಿಗೆ ಬಂದರೆ, ಊರಿನ ಪ್ರತಿ ಕಾರ್ಯಕ್ಕೂ ಕೈ ಬಿಚ್ಚಿ ಕೊಡುವ ಜನ ನಾವು. ಗಲ್ಫಿನಲ್ಲಿರುವವರಿಗೆ ಒಂದು ಫೋನ್ ಮಾಡಿದರೆ ಸಾಕು. ಆದರೆ ಸಾಮಾನ್ಯವಾಗಿ ನಾವು ಕೊಡುವುದು ಹೆಣ ದಡಕ್ಕೆ ಬಂದ ಮೇಲೆ. ಮೆಕಾರಾ ಮಾಡಿದ ಹಾಗೆ ಅದಕ್ಕೂ ಮೊದಲೇ ಡಬ್ಬಿ ಹಿಡಿಯುವುದನ್ನು ನಾವು ಕಲಿಯಬೇಕು.

ಜೂನ್, ಜುಲೈ ತಿಂಗಳಲ್ಲಿ ಯಾಂತ್ರಿಕ ಬೋಟುಗಳು ದಕ್ಕೆಯಲ್ಲೇ ಇರುತ್ತವೆ. ಮೀನುಗಾರಿಕೆಗೆ ರಜೆ. ಆಗ ಬಲೆ ಹೊಲಿಯುತ್ತೇವೆ, ಎಂಜಿನ್ ಬಿಚ್ಚಿ ಸರಿಮಾಡುತ್ತೇವೆ. ಬರುವ ರಜೆಯಲ್ಲಿ ಒಂದು ಸಂಜೆ ಈ ಮಾತಿಗೂ ಇಡೋಣ. ಮೊದಲು ನಮ್ಮ ಬಂದರಿನಲ್ಲಿ ನೀರಿಗೆ ಹಾರುವ ಹುಡುಗರು ಯಾರ್ಯಾರು ಎಂದು ಹೆಸರು ಬರೆದಿಡೋಣ. ಆ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಸರಕಾರದ ಬಾಗಿಲಿಗೆ ಹೋಗೋಣ.