ಹದಿಮೂರು ತಿಂಗಳ ವರ್ಷ

ತಿಕೋಟಾದ ನಮ್ಮ ಖಾಲಾಗೆ ಫೋನ್ ಹಚ್ಚಲು ಬರುವುದಿಲ್ಲ. ಬಂದ ಫೋನನ್ನು ಹಸಿರು ಗುಂಡಿ ಒತ್ತಿ ಎತ್ತುತ್ತಾರೆ, ಅಷ್ಟೆ. ಮಗ ಗೋವಾದಲ್ಲಿ ಗೌಂಡಿ ಕೆಲಸಕ್ಕಿದ್ದಾನೆ. ವಾರಕ್ಕೊಮ್ಮೆ ಅವನ ದನಿ ಕೇಳಿದರೆ ಅವರಿಗೆ ಸಮಾಧಾನ. ಒಮ್ಮೆ ಎರಡು ವಾರ ಆ ದನಿ ಬರಲಿಲ್ಲ. ರೀಚಾರ್ಜ್ ಮುಗಿದು ಒಳಬರುವ ಕರೆಯೂ ನಿಂತಿತ್ತು. ವಿಜಯಪುರದಿಂದ ನಾನು ಹೋದಾಗ ಕೇಳಿದರು: "ಬೇಟಾ, ಹಚ್ಚಿದವ ರೊಕ್ಕ ಕೊಟ್ಟಾನ. ಕೇಳೂದಕ್ಕೂ ನಾ ಯಾಕ ಕೊಡಬೇಕು?"

ನ್ಯಾಯವಾದ ಪ್ರಶ್ನೆ. 2003ರ ಮೇ 1ರಿಂದ ಒಳಬರುವ ಕರೆ ಉಚಿತವಾಗಿತ್ತು. 2016ರಲ್ಲಿ ಜಿಯೋ ಎಲ್ಲವನ್ನೂ ಪುಕ್ಕಟೆ ಹಂಚುತ್ತಾ ಬಂತು. ಆ ಹಬ್ಬದ ಹಿಂದೆಯೇ ಏರ್‌ಸೆಲ್, ಟೆಲಿನಾರ್, ಟಾಟಾ ಡೊಕೊಮೊ ಒಂದೊಂದಾಗಿ ಮರೆಯಾದವು. 2018ರಲ್ಲಿ ವೊಡಾಫೋನ್ ಮತ್ತು ಐಡಿಯಾ ಒಂದಾದವು. ಅದೇ ವರ್ಷದ ಕೊನೆಗೆ ಏರ್‌ಟೆಲ್, ವೊಡಾಫೋನ್ ಐಡಿಯಾಗಳು 28 ದಿನಕ್ಕೆ 35 ರೂಪಾಯಿಯ ಕಡ್ಡಾಯ ರೀಚಾರ್ಜ್ ತಂದವು. 2024ರ ಜುಲೈ 3 ಮತ್ತು 4ರಂದು ಮೂರೂ ಖಾಸಗಿ ಕಂಪನಿಗಳು ಬೆನ್ನುಬೆನ್ನಿಗೆ ದರ ಏರಿಸಿದವು. ಏರ್‌ಟೆಲ್‌ನ 28 ದಿನದ ಪ್ಯಾಕು 179ರಿಂದ 199ಕ್ಕೇರಿತು.

ಅದೂ 28 ದಿನ! ಬಡವನ ವರ್ಷಕ್ಕೆ ಹನ್ನೆರಡು ತಿಂಗಳು, ಕಂಪನಿಯ ವರ್ಷಕ್ಕೆ ಹದಿಮೂರು.

ತರಂಗಾಂತರದ ಸಾಲವಿದೆ, 5ಜಿಗೆ ಬಂಡವಾಳ ಬೇಕು ಎನ್ನುತ್ತಾರೆ. ಇರಬಹುದು. ಗುಂಡಿ ಫೋನಿನ ಮುದುಕಿ ಆ ಸಾಲವನ್ನೇಕೆ ತೀರಿಸಬೇಕು? ಬೇಡವಾದರೆ ಕಂಪನಿ ಬದಲಿಸಿ ಎನ್ನುತ್ತಾರೆ. ನಂಬರ್ ಉಳಿಸಿಕೊಂಡೇ ಬದಲಿಸುವ ಹಕ್ಕು 2011ರಿಂದ ಇದೆ, ನಿಜ. ಆದರೆ ಎಲ್ಲ ಅಂಗಡಿಯಲ್ಲೂ ಹೆಚ್ಚುಕಡಿಮೆ ಒಂದೇ ದರವಿದ್ದರೆ ಹಕ್ಕಿನಿಂದೇನು ಲಾಭ? ಬಬಲೇಶ್ವರದ ಕಡೆ ಹೊಲದ ವಸ್ತಿಯಲ್ಲಿರುವವನಿಗೆ ಯಾವ ಟವರ್ ಸಿಗುತ್ತದೋ ಅದೇ ಕಂಪನಿ. ಫೋನೇ ಬೇಡವೆನ್ನಲೂ ಆಗದು. ಆಧಾರ್, ಬ್ಯಾಂಕಿನ ಒಟಿಪಿ ಎಲ್ಲವೂ ಅದೇ ನಂಬರಿಗೆ ಗಂಟುಬಿದ್ದಿವೆ.

ಟ್ರಾಯ್ ಏನೂ ಮಾಡಿಲ್ಲವೆಂದಲ್ಲ. ಕನಿಷ್ಠ ಒಂದಾದರೂ 30 ದಿನದ ಪ್ಯಾಕು ಇರಬೇಕೆಂದು 2022ರಲ್ಲಿ, ಡೇಟಾ ಇಲ್ಲದ ಪ್ಯಾಕು ಕೊಡಬೇಕೆಂದು 2024ರ ಡಿಸೆಂಬರಿನಲ್ಲಿ ಹೇಳಿತು. ಮರುತಿಂಗಳು ಜಿಯೋ, ಏರ್‌ಟೆಲ್ ತಂದದ್ದು 84 ದಿನದ, 365 ದಿನದ ಪ್ಯಾಕುಗಳನ್ನು. 84 ದಿನದ್ದಕ್ಕೇ ನಾನೂರು ರೂಪಾಯಿಗೂ ಮೇಲೆ. ದಿನಗೂಲಿಯ ಮನೆಯವರು ಅಷ್ಟನ್ನು ಒಮ್ಮೆಲೇ ಎಲ್ಲಿಂದ ತರಬೇಕು? ದರ ನಿಗದಿಯನ್ನು ಕಂಪನಿಗಳ ಕೈಗೇ ಬಿಟ್ಟು ನಿಯಮ ಮಾಡಿದರೆ ಹೀಗೇ ಆಗುತ್ತದೆ.

ಕೇಳಬೇಕಾದದ್ದು ದೊಡ್ಡದಲ್ಲ. ಮಾತಿಗಷ್ಟೇ ಒಂದು ಸಣ್ಣ ತಿಂಗಳ ಪ್ಯಾಕು, ಅದರ ದರಕ್ಕೊಂದು ಸರಕಾರಿ ಮಿತಿ. ಹಳ್ಳಿಯಲ್ಲಿ ಸರಿಯಾಗಿ ಸಿಗುವ ಬಿಎಸ್‌ಎನ್‌ಎಲ್. ರೀಚಾರ್ಜ್ ಮುಗಿದರೂ ನಿಲ್ಲದ ಒಳಬರುವ ಕರೆ.

ಅಂದು ರೀಚಾರ್ಜ್ ಮಾಡಿಸಿ ಬಂದೆ. ಸಂಜೆ ಮಗನ ಫೋನ್ ಬಂತಂತೆ. ನಾನು ಮಾಡಿದ್ದು ಉಪಕಾರವಲ್ಲ, ತಾಯಿಯೊಬ್ಬಳ ಕಿವಿಗೆ ಬಾಡಿಗೆ ಕಟ್ಟಿದ್ದು. ಇಪ್ಪತ್ತೆಂಟು ದಿನಕ್ಕೆ ಮಾತ್ರ.