ಊರಿನ ರುಚಿಗೆ ಉದ್ರಿ ಲೆಕ್ಕವೇ?

ಮುಂಬಯಿಯಲ್ಲಿ ನಾಲ್ಕು ಕನ್ನಡಿಗರು ಸೇರಿದಲ್ಲಿ ಬೆಲೆ ಏರಿಕೆಯ ಮಾತು ಬಂದೇ ಬರುತ್ತದೆ. ಸರಕಾರವನ್ನು ಬೈಯುತ್ತೇವೆ, ಅಂಗಡಿಯವನನ್ನು ಬೈಯುತ್ತೇವೆ, ಚಹಾ ಕುಡಿದು ಏಳುತ್ತೇವೆ. ನಮ್ಮ ಕೈಚೀಲದೊಳಗೆ ಮಾತ್ರ ಇಣುಕಿ ನೋಡುವುದಿಲ್ಲ.

ಅಕ್ಕಿ, ಸಾರಿನ ಪುಡಿ, ತೆಂಗಿನಕಾಯಿ ಎಲ್ಲವೂ ಊರಿನದೇ ಆಗಬೇಕೆಂಬುದು ನಮ್ಮ ಹಟ. ಅಲ್ಲಿ ಅಗ್ಗವಾದದ್ದು ಇಲ್ಲಿಗೆ ಬರುವಾಗ ಲಾರಿ ಬಾಡಿಗೆಯನ್ನೂ ದಲ್ಲಾಳಿಯ ಪಾಲನ್ನೂ ಹೊತ್ತುಕೊಂಡೇ ಬರುತ್ತದೆ. ಒಂದು ವರ್ಷ ನಮ್ಮ ಮನೆಯ ಉದ್ರಿ ಪುಸ್ತಕ ಎಷ್ಟು ಬೆಳೆಯಿತೆಂದರೆ, ಜೂನ್ ತಿಂಗಳಿಗೆಂದು ಮಗಳ ಪುಸ್ತಕಕ್ಕೆ ತೆಗೆದಿಟ್ಟ ಹಣವೆಲ್ಲ ಅಂಗಡಿಗೆ ಹೋಯಿತು. ಅವಳು ಪಕ್ಕದ ಮನೆಯ ಹುಡುಗನ ಹಳೆಯ ಪುಸ್ತಕಗಳಲ್ಲಿ ಓದಿದಳು. ಊರಿನ ರುಚಿ ಅಂದು ನನ್ನ ಗಂಟಲಲ್ಲಿ ಇಳಿಯಲಿಲ್ಲ.

ರುಚಿ ಇರಲಿ, ಜೊತೆಗೆ ಕಣ್ಣೂ ಇರಲಿ. ಇಲ್ಲಿಯ ನಾಚಣಿ ನಮ್ಮ ರಾಗಿಯೇ. ಕುಳೀಥ ನಮ್ಮ ಹುರುಳಿಯೇ. ಚವಳಿ ನಮ್ಮ ಅಲಸಂದೆಯೇ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಬಿಳಿ ಅಕ್ಕಿಯಲ್ಲಿ 10ರ ಆಸುಪಾಸು. ಹುರುಳಿಯ ಸಸಾರಜನಕ ತೊಗರಿಬೇಳೆಗಿಂತ ಕಡಿಮೆಯೇನಲ್ಲ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದಾಗ ಚಪ್ಪಾಳೆ ತಟ್ಟಿದೆವು. ರಾಗಿ ಬಿಸ್ಕತ್ತಿನ ಬಣ್ಣದ ಪೊಟ್ಟಣ ಕೊಳ್ಳಲು ನಮಗೆ ನಾಚಿಕೆಯಿಲ್ಲ. ಬಿಡಿ ರಾಗಿ ಕೊಂಡು ಗಿರಣಿಗೆ ಒಯ್ಯಲು ನಾಚಿಕೆ!

ಪಡಿತರದ ಸಾಲಿನಲ್ಲಿ ನಿಲ್ಲುವುದಕ್ಕೂ ಇದೇ ಸಂಕೋಚ. ಆಹಾರ ಭದ್ರತಾ ಕಾಯಿದೆಯ ಕೆಳಗೆ ಊರಿನ ಚೀಟಿಯಲ್ಲಿ ಹೆಸರಿರುವವರು ಕೇಂದ್ರದ ಪಾಲಿನ ಧಾನ್ಯವನ್ನು ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲೇ ಪಡೆಯಬಹುದು. 2022ರಿಂದ ಈ ಅನುಕೂಲ ಎಲ್ಲ ರಾಜ್ಯಗಳಿಗೂ ವಿಸ್ತರಿಸಿದೆ. ಹಕ್ಕಿನ ಅಕ್ಕಿಯನ್ನು ಬಿಟ್ಟು ಉದ್ರಿ ಅಕ್ಕಿ ತರುವುದು ಯಾವ ಮರ್ಯಾದೆ?

“ಇದಕ್ಕೆಲ್ಲ ಸಮಯವೆಲ್ಲಿದೆ?” ಎನ್ನುವವರುಂಟು. ಭಾನುವಾರ ಅರ್ಧ ಗಂಟೆ ಕುಳಿತು ವಾರದ ಪಟ್ಟಿ ಬರೆಯಿರಿ. ಹುರುಳಿ ಬೇಯಿಸಿದ ದಿನ ಕಟ್ಟು ಸಾರಾಗಲಿ, ಕಾಳು ಪಲ್ಯವಾಗಲಿ. ಒಂದೇ ಉರಿಯಲ್ಲಿ ಎರಡು ಅಡುಗೆ. ಪಟ್ಟಿಯಲ್ಲಿಲ್ಲದ್ದು ಚೀಲಕ್ಕೆ ಬೀಳದಿರಲಿ. ಪೊಟ್ಟಣ ಕೊಳ್ಳುವಾಗ ಅದರ ಮೇಲೆ ಅಚ್ಚಾಗಿರುವ ಗ್ರಾಮಿನ ದರವನ್ನು ಬಿಡಿ ಮಾಲಿನ ದರದೊಂದಿಗೆ ತಾಳೆ ನೋಡಿರಿ.

ಕೊನೆಯ ಮಾತು ಗಂಡಸರಿಗೆ. ಮಿತವ್ಯಯದ ಉಪದೇಶವೆಲ್ಲ ಹೆಂಗಸರಿಗೇ ಏಕೆ? ಈ ಭಾನುವಾರ ಚೀಲ ನೀವು ಹಿಡಿಯಿರಿ. ತೊಗರಿಬೇಳೆಯ ಇಂದಿನ ದರ ಹೇಳಲಾರದವನಿಗೆ ಬೆಲೆ ಏರಿಕೆಯ ಮೇಲೆ ಭಾಷಣ ಬಿಗಿಯುವ ಅಧಿಕಾರವಿಲ್ಲ.