ಮತ್ತೊಮ್ಮೆ ಬೆಂಕಿಗೆ

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯನ್ನು ಅರಿಯದವರು ವಿರಳ. ಆದರೆ ಆ ದೊಣ್ಣೆ ಕೆಲವೊಮ್ಮೆ ಕುಂಬಾರನ ಕೈಯಲ್ಲಿಯೇ ಇರುತ್ತದೆ. ಆವಿಗೆಯಿಂದ ಹೊರಬಂದ ಜಾಡಿಯ ಮೆರುಗಿನಲ್ಲಿ ಕುಂದು ಕಂಡೊಡನೆ ಅದನ್ನು ಒಡೆದು ಬೋಕಿಯ ರಾಶಿಗೆ ಎಸೆಯುವುದು ಸುಲಭ. ಮರಳಿ ಮೆರುಗು ಬಳಿದು ಮತ್ತೊಮ್ಮೆ ಸುಡುವುದು ಕಷ್ಟ. ಆದರೂ ಬಹುಮಟ್ಟಿಗೆ ಕಷ್ಟದ ದಾರಿಯೇ ಸರಿಯಾದ ದಾರಿ.

ಇದಕ್ಕೆ ಕಾರಣವು ಮಣ್ಣಿನ ಸ್ವಭಾವದಲ್ಲಿಯೇ ಇದೆ. ಹಸಿಯ ಮಡಕೆ ಕೆಟ್ಟರೆ ಅದನ್ನು ನೀರಿನಲ್ಲಿ ನೆನೆಹಾಕಿ ಮತ್ತೆ ತಿಗರಿಯ ಮೇಲೆ ಇಡಬಹುದು. ಕಾವು ಸುಮಾರು 600 ಡಿಗ್ರಿ ಸೆಲ್ಸಿಯಸ್ ಮೀರಿದ ಮೇಲೆ ಜೇಡಿಮಣ್ಣಿನ ಕಣಗಳೊಳಗೆ ಬೆಸೆದುಕೊಂಡಿದ್ದ ನೀರೂ ಹೊರಟುಹೋಗುತ್ತದೆ. ಅನಂತರ ಎಷ್ಟು ನೆನೆಸಿದರೂ ಅದು ಹದವಾದ ಮಣ್ಣಾಗದು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ನಡೆದ ಉತ್ಖನನದಲ್ಲಿ ದೊರೆತ ಪುರಾತನ ಬೋಕಿಗಳೇ ಇದಕ್ಕೆ ಸಾಕ್ಷಿ. ಆದುದರಿಂದ ಸುಟ್ಟ ಪಾತ್ರೆಯನ್ನು ಎಸೆದಾಗ ಮಣ್ಣು, ಸೌದೆ, ಶ್ರಮ ಮೂರೂ ನಷ್ಟವಾಗುತ್ತವೆ.

ಮೆರುಗೆಂದರೆ ಪಾತ್ರೆಯ ಮೇಲಿನ ತೆಳುವಾದ ಗಾಜಿನ ಪದರ. ಬಳಿಯುವ ಮೊದಲು ಪಾತ್ರೆಯ ಮೇಲೆ ಧೂಳು ಅಥವಾ ಎಣ್ಣೆಯ ಜಿಡ್ಡು ಇದ್ದರೆ, ಕರಗುವಾಗ ಮೆರುಗು ಅಲ್ಲಿಂದ ಸರಿದು ಒಡಲು ಬರಿದಾಗುತ್ತದೆ. ಒಳಗಿನಿಂದ ಹೊರಡುವ ಅನಿಲದಿಂದ ಸೂಜಿಮೊನೆಯಂತಹ ರಂಧ್ರಗಳು ಉಳಿಯುತ್ತವೆ. ಇಂತಹ ದೋಷಗಳನ್ನು ಅನೇಕ ವೇಳೆ ಮರುಬೆಂಕಿ ಸರಿಪಡಿಸಬಲ್ಲದು. ಆದರೆ ಗಾಜಿನ ಹೊದಿಕೆಯ ಪಾತ್ರೆ ನೀರನ್ನು ಹೀರುವುದಿಲ್ಲ. ಆದ್ದರಿಂದ ಅದನ್ನು ಶುಚಿಗೊಳಿಸಿ, ಬೆಚ್ಚಗೆ ಮಾಡಿ, ಅಂಟು ಬೆರೆಸಿದ ಮಂದವಾದ ಮೆರುಗನ್ನು ಬಳಿಯಬೇಕು. 573 ಡಿಗ್ರಿಯ ಸುಮಾರಿಗೆ ಮಣ್ಣಿನಲ್ಲಿರುವ ಬೆಣಚುಕಲ್ಲಿನ ಕಣಗಳು ಹಠಾತ್ತನೆ ಹಿಗ್ಗುವುದರಿಂದ ಕಾವನ್ನು ಮೆಲ್ಲನೆ ಏರಿಸಬೇಕು. ಅವಸರಪಟ್ಟರೆ ಪಾತ್ರೆ ಬಿರಿಯುತ್ತದೆ.

ಅಷ್ಟು ಹೊತ್ತಿನಲ್ಲಿ ಹೊಸದೊಂದನ್ನೇ ಮಾಡಬಹುದಲ್ಲವೇ ಎಂದು ಕೆಲವರು ಕೇಳುವುದುಂಟು. ಸಣ್ಣ ಬಟ್ಟಲಿನ ವಿಷಯದಲ್ಲಿ ಈ ಮಾತು ನಿಜವಿರಬಹುದು. ದೊಡ್ಡ ಉಪ್ಪಿನಕಾಯಿ ಜಾಡಿಯ ವಿಷಯದಲ್ಲಿ ನಿಜವಲ್ಲ. ಮರುಬೆಂಕಿಗೆ ಪ್ರತ್ಯೇಕ ಆವಿಗೆಯೂ ಬೇಕಿಲ್ಲ. ಮುಂದಿನ ಸರದಿಯ ಪಾತ್ರೆಗಳ ನಡುವೆ ಒಂದಿಷ್ಟು ಸ್ಥಳ ಸಾಕು.

ಆದರೆ ಬೆಂಕಿಗೂ ಒಂದು ಮಿತಿಯುಂಟು. ಒಡಲಿನಲ್ಲಿಯೇ ಬಿರುಕಿದ್ದರೆ ಮರುಬೆಂಕಿ ಅದನ್ನು ಇನ್ನಷ್ಟು ಅಗಲಿಸುವ ಸಂಭವವೇ ಹೆಚ್ಚು. ಮೇಲೆ ಬಳಿದ ಮೆರುಗು ಬಿರುಕನ್ನು ಕಣ್ಣಿನಿಂದ ಮರೆಮಾಡೀತು, ಉಪ್ಪುನೀರಿನಿಂದ ಮರೆಮಾಡಲಾರದು. ತಣಿಯುವಾಗ ಮೆರುಗು ಒಡಲಿಗಿಂತ ಹೆಚ್ಚು ಕುಗ್ಗಿದರೆ ಜೇಡರ ಬಲೆಯಂತಹ ಗೀರುಗಳು ಮೂಡುತ್ತವೆ. ಬೆಂಕಿಯಲ್ಲಿ ಅವು ಕರಗಿ ಕೂಡಿಕೊಂಡರೂ, ಮೆರುಗಿನ ಮಿಶ್ರಣವನ್ನು ತಿದ್ದದಿದ್ದರೆ ಮರಳಿ ಕಾಣಿಸಿಕೊಳ್ಳುತ್ತವೆ. ಕಾರಣವನ್ನು ಅರಸದೆ ಮತ್ತೆ ಸುಡುವುದು ಸೌದೆಯನ್ನು ವ್ಯರ್ಥಗೊಳಿಸಿದಂತೆ.

ಹದಿನಾರನೆಯ ಶತಮಾನದ ಫ್ರಾನ್ಸಿನಲ್ಲಿ ಬರ್ನಾರ್ ಪಾಲಿಸ್ಸಿ ಎಂಬ ಕುಶಲಕರ್ಮಿಯಿದ್ದನು. ಬಿಳಿಯ ಮೆರುಗಿನ ರಹಸ್ಯವನ್ನು ಅರಸುತ್ತ ವರ್ಷಗಟ್ಟಲೆ ಬಡತನವನ್ನು ಅನುಭವಿಸಿದ ಅವನು, ಸೌದೆ ತೀರಿದಾಗ ಮನೆಯ ಮೇಜುಗಳನ್ನೂ ನೆಲದ ಹಲಗೆಗಳನ್ನೂ ಉರಿಗೆ ಹಾಕಿದನು. ಒಮ್ಮೆ ಆವಿಗೆಯ ಗಾರೆಯಲ್ಲಿದ್ದ ಕಲ್ಲುಗಳು ಸಿಡಿದು, ಚೂರುಗಳು ಕರಗಿದ ಮೆರುಗಿಗೆ ಅಂಟಿಕೊಂಡವು. ಅಗ್ಗದ ಬೆಲೆಗೆ ಕೊಳ್ಳುವವರಿದ್ದರೂ, ಅವು ತನ್ನ ಹೆಸರಿಗೆ ಕಳಂಕವೆಂದು ಆ ಪಾತ್ರೆಗಳನ್ನು ಒಡೆದುಹಾಕಿದನು. ಈ ಸಂಗತಿಯನ್ನು 1580ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಅವನೇ ಬರೆದಿದ್ದಾನೆ.

ದೋಷವುಳ್ಳದ್ದನ್ನು ಮಾರಲೊಲ್ಲದ ಪಾಲಿಸ್ಸಿಯ ಪ್ರಾಮಾಣಿಕತೆ ಎಲ್ಲ ಕುಶಲಕರ್ಮಿಗಳಿಗೂ ಮಾದರಿ. ಆದರೆ ಒಡೆದುಹಾಕುವುದೇ ಎಲ್ಲ ದೋಷಗಳಿಗೂ ಪರಿಹಾರವಲ್ಲ. ದೊಣ್ಣೆಯನ್ನು ಎತ್ತುವ ಮೊದಲು ಕುಂಬಾರನು ಜಾಡಿಯನ್ನು ಬೆಳಕಿಗೆ ಹಿಡಿದು, ಬೆರಳಿನಿಂದ ತಟ್ಟಿ ದನಿಯನ್ನು ಕೇಳಿ, ದೋಷವೆಲ್ಲಿದೆಯೆಂದು ಪರೀಕ್ಷಿಸಬೇಕು. ಒಡಲು ಬಿರಿದ ಜಾಡಿಯನ್ನು ಮೆರುಗಿನಿಂದ ಮುಚ್ಚಿ ಮಾರುವುದು ಮೋಸ. ಒಡಲು ಗಟ್ಟಿಯಾಗಿರುವ ಜಾಡಿಯನ್ನು ಮೆರುಗಿನ ಕುಂದಿಗಾಗಿ ಒಡೆಯುವುದು ದುಂದು.